ತುದಿಯ ಹುಡುಗ ಬುಡಕ್ಕೆ ಇಳಿದಾಗ

ಮಾನವ ಗೋಪುರದ ತುದಿಯಲ್ಲಿ ನಿಲ್ಲುವುದು ತಂಡದಲ್ಲೇ ಹಗುರಾದ ಮಗು. ಬಾಗಲಕೋಟೆ, ಬಾದಾಮಿ, ಹುನಗುಂದ, ಇಳಕಲ್ ಸೀಮೆಯ ಶಾಲೆಗಳಲ್ಲಿ ಆಗಸ್ಟ್ 15 ಮತ್ತು ಜನವರಿ 26 ಹತ್ತಿರ ಬಂತೆಂದರೆ ಲೇಜಿಮ್ಮು, ಡಂಬೆಲ್ಸು, ಕವಾಯತುಗಳ ಜೊತೆಗೆ ಈ ಗೋಪುರದ ತಾಲೀಮೂ ಶುರುವಾಗುತ್ತದೆ. ಕೆಳಗೆ ಹತ್ತನೆಯ ಇಯತ್ತೆಯ ಗಟ್ಟಿ ಹುಡುಗರು, ನಡುವೆ ಎಂಟು ಒಂಬತ್ತನೆಯವರು, ತುದಿಗೆ ಐದನೆಯದೋ ಆರನೆಯದೋ ಇಯತ್ತೆಯ ಒಬ್ಬ ಪುಟ್ಟ. ಅವನ ಕೈಯಲ್ಲಿ ಬಾವುಟ. ಚಪ್ಪಾಳೆ ಬೀಳುವುದು ಅವನು ಎದ್ದು ನಿಂತಾಗ, ಪಟದಲ್ಲಿ ಮುಖ ಕಾಣುವುದೂ ಅವನದೇ. ಆದರೆ ಗೋಪುರದ ಎಲ್ಲ ಜಾಗಗಳಲ್ಲಿ ಅತಿ ಬೇಗ ಕೈತಪ್ಪುವ ಜಾಗವೂ ಅದೇ. ಎರಡು ಮೂರು ವರ್ಷದಲ್ಲಿ ಹುಡುಗ ಬೆಳೆಯುತ್ತಾನೆ, ತುದಿಗೆ ಬೇರೊಬ್ಬ ಬರುತ್ತಾನೆ.

ಅಮೆರಿಕದ ಚಿಯರ್‌ಲೀಡಿಂಗ್ ತಂಡಗಳಲ್ಲಿ ಇದೇ ಜಾಗಕ್ಕೆ ಫ್ಲೈಯರ್ ಎನ್ನುತ್ತಾರೆ. ಇಬ್ಬರು ಕೆಳಗಿನಿಂದ ಪಾದ ಹಿಡಿದು ಎತ್ತುತ್ತಾರೆ, ಒಬ್ಬರು ಹಿಂದಿನಿಂದ ಆಸರೆ ಕೊಡುತ್ತಾರೆ, ಮೇಲಿನ ಹುಡುಗಿ ಒಂಟಿ ಕಾಲಿನಲ್ಲಿ ನಿಂತು ತೋಳು ಚಾಚುತ್ತಾಳೆ. ಕರ್ನಾಟಕದ ಹೆಚ್ಚಿನವರು ಚಿಯರ್‌ಲೀಡಿಂಗ್ ಎಂಬ ಹೆಸರು ಕೇಳಿದ್ದು ಕ್ರಿಕೆಟ್ಟಿನ ನೆಪದಲ್ಲಿ. 2008ರ ಏಪ್ರಿಲ್ 18ರಂದು ಬೆಂಗಳೂರಿನ ಚಿನ್ನಸ್ವಾಮಿ ಕ್ರೀಡಾಂಗಣದಲ್ಲಿ ಐಪಿಎಲ್‌ನ ಮೊಟ್ಟಮೊದಲ ಪಂದ್ಯ ನಡೆದಾಗ ಅಮೆರಿಕದಿಂದ ಚಿಯರ್‌ಲೀಡರ್‌ಗಳು ಬಂದಿದ್ದರು. ಅಲ್ಲಿ ಕಂಡದ್ದು ಕುಣಿತ ಮಾತ್ರ. ಎತ್ತುವ, ಎಸೆಯುವ, ಹಿಡಿಯುವ ಸ್ಪರ್ಧೆಯ ಚಿಯರ್‌ಲೀಡಿಂಗ್ ಬೇರೆಯೇ ಕಸರತ್ತು. ಅದರ ಅಂತರರಾಷ್ಟ್ರೀಯ ಒಕ್ಕೂಟಕ್ಕೆ ಒಲಿಂಪಿಕ್ ಸಮಿತಿ 2021ರಲ್ಲಿ ಪೂರ್ಣ ಮಾನ್ಯತೆ ಕೊಟ್ಟಿದೆ. ಉತ್ತರ ಕರ್ನಾಟಕದಲ್ಲಿ ಅದಕ್ಕೆ ಅತಿ ಹತ್ತಿರದ ಆಟ ಯಾವುದೆಂದರೆ ಮಲ್ಲಕಂಬ.

ಮಲ್ಲಕಂಬ ಮೂಲತಃ ಕುಸ್ತಿಪಟುಗಳ ಸಾಧನೆಯ ಕಂಬ. ಎದುರಾಳಿ ಇಲ್ಲದಾಗ ಕಂಬವನ್ನೇ ಎದುರಾಳಿ ಮಾಡಿಕೊಂಡು ಹಿಡಿತ, ಪಟ್ಟು, ತಿರುವುಗಳನ್ನು ರೂಢಿಸುವ ಉಪಾಯ. ಕಲ್ಯಾಣದ ಚಾಲುಕ್ಯ ದೊರೆ ಮೂರನೆಯ ಸೋಮೇಶ್ವರ ಹನ್ನೆರಡನೆಯ ಶತಮಾನದಲ್ಲಿ ಬರೆದ ‘ಮಾನಸೋಲ್ಲಾಸ’ದಲ್ಲಿ ಮಲ್ಲರ ಕಂಬದ ಪ್ರಸ್ತಾಪ ಇದೆ. ಈ ಆಟದ ಬಗೆಗೆ ಸಿಗುವ ಹಳೆಯ ಬರಹದ ಆಧಾರ ಇದೇ ಎನ್ನುತ್ತಾರೆ. ಮುಂದೆ ಮರೆಯಾದಂತಿದ್ದ ವಿದ್ಯೆಗೆ ಪೇಶ್ವೆ ಎರಡನೆಯ ಬಾಜಿರಾಯನ ಕಾಲದಲ್ಲಿ ಬಾಳಂಭಟ್ಟ ದಾದಾ ದೇವಧರ ಹೊಸ ಜೀವ ಕೊಟ್ಟರು. ಹೀಗಾಗಿ ಸಲಾಮಿ, ಬಗಲಿ, ದಸರಂಗ, ಫಿರ್ಕಿ ಮುಂತಾದ ಪಟ್ಟಿನ ಹೆಸರುಗಳೆಲ್ಲ ಮರಾಠಿಯ ದಾರಿಯಲ್ಲೇ ಬಂದಿವೆ. 1981ರಿಂದ ರಾಷ್ಟ್ರ ಮಟ್ಟದ ಒಕ್ಕೂಟವಿದೆ. 2019ರ ಫೆಬ್ರವರಿಯಲ್ಲಿ ಮುಂಬಯಿಯ ಶಿವಾಜಿ ಪಾರ್ಕಿನಲ್ಲಿ ಮೊದಲ ವಿಶ್ವ ಚಾಂಪಿಯನ್‌ಶಿಪ್ ನಡೆಯಿತು. ಖೇಲೋ ಇಂಡಿಯಾ ಯುವ ಕ್ರೀಡಾಕೂಟದ ದೇಶೀ ಆಟಗಳ ಪಟ್ಟಿಯಲ್ಲೂ ಮಲ್ಲಕಂಬ ಸೇರಿದೆ. ಕರ್ನಾಟಕದಲ್ಲಿ ಇದರ ಹೆಸರು ಬಂದಾಗ ಬಾಗಲಕೋಟೆ ಜಿಲ್ಲೆಯ ತುಳಸಿಗೇರಿ, ಗದಗ ಜಿಲ್ಲೆಯ ಲಕ್ಷ್ಮೇಶ್ವರ ತಪ್ಪದೆ ನೆನಪಾಗುತ್ತವೆ. ದಕ್ಷಿಣದ ಮೂಡುಬಿದಿರೆಯ ಆಳ್ವಾಸ್ ಸಂಸ್ಥೆಯ ಮಲ್ಲಕಂಬ ಪ್ರದರ್ಶನವನ್ನು ನಾಡಿನ ಬಹಳ ಜನ ನೋಡಿದ್ದಾರೆ.

ನೆಟ್ಟ ಕಂಬ ನೆಲದಿಂದ ಸುಮಾರು ಎಂಟೂವರೆ ಅಡಿ ಎತ್ತರ. ಸಾಗವಾನಿಯದೋ ಬೀಟೆಯದೋ ಕಟ್ಟಿಗೆ. ಬುಡದಲ್ಲಿ ದಪ್ಪ, ಮೇಲೆ ಹೋದಂತೆ ಸಣ್ಣ, ತುದಿಗೆ ಕತ್ತು, ಕತ್ತಿನ ಮೇಲೊಂದು ಗುಂಡು. ಅದರ ಮೈಗೆ ಔಡಲ ಎಣ್ಣೆ ಹಚ್ಚುತ್ತಾರೆ. ಎಣ್ಣೆ ಹಚ್ಚಿದರೆ ಜಾರುವುದಿಲ್ಲವೆ ಎಂದು ಹೊಸಬರು ಕೇಳುವುದುಂಟು. ಒಣ ಕಟ್ಟಿಗೆಗೆ ಬರಿ ಮೈ ಉಜ್ಜಿದರೆ ತೊಡೆ, ತೋಳು, ಪಕ್ಕೆಯ ಚರ್ಮ ಕಿತ್ತುಬರುತ್ತದೆ. ತೆಳುವಾಗಿ ಹಚ್ಚಿ ತಿಕ್ಕಿದ ಔಡಲ ಎಣ್ಣೆ ಅಂಟಂಟಾಗಿ, ತಿರುಗುವಾಗ ಬಿಟ್ಟುಕೊಡುತ್ತದೆ, ಅಮುಕಿದಾಗ ಹಿಡಿಯುತ್ತದೆ. ನೆಟ್ಟ ಕಂಬದ ಜೊತೆಗೆ ತೂಗುವ ಕಂಬ ಇದೆ, ಹಗ್ಗದ ಮಲ್ಲಕಂಬ ಇದೆ. ಹುಡುಗಿಯರು ಬಹುಕಾಲ ಹಗ್ಗದ ಮೇಲೇ ಹೆಚ್ಚು ಆಡುತ್ತಿದ್ದರು. ಈಗ ನೆಟ್ಟ ಕಂಬಕ್ಕೂ ಬಂದಿದ್ದಾರೆ.

ಒಬ್ಬೊಬ್ಬರಾಗಿ ಆಡುವ ಆಟ ಇದು. ಆದರೂ ಜಾತ್ರೆ, ಉತ್ಸವ, ಶಾಲೆಯ ಸ್ನೇಹ ಸಮ್ಮೇಳನಗಳ ಪ್ರದರ್ಶನದಲ್ಲಿ ಕೊನೆಗೆ ಪಿರಮಿಡ್ ಇರಲೇಬೇಕು. ಕಂಬದ ಪಿರಮಿಡ್ಡಿನ ರಚನೆ ನೆಲದ ಗೋಪುರಕ್ಕಿಂತ ಭಿನ್ನ. ನೆಲದ ಗೋಪುರದಲ್ಲಿ ಭಾರ ಬೆನ್ನಿನಿಂದ ಬೆನ್ನಿಗೆ ಇಳಿಯುತ್ತದೆ. ಕಂಬದಲ್ಲಿ ಬುಡದವರು ತೊಡೆಯಿಂದ ಕಂಬವನ್ನು ಕಚ್ಚಿ ಹೊರಗೆ ವಾಲುತ್ತಾರೆ, ಅವರ ತೊಡೆಯ ಮೇಲೆ, ಹೆಗಲ ಮೇಲೆ ಇನ್ನಿಬ್ಬರು ನಿಲ್ಲುತ್ತಾರೆ, ಗುಂಡಿನ ಮೇಲೆ ಪುಟ್ಟವನು. ಎಡಕ್ಕೆ ಎಷ್ಟು ಭಾರ ವಾಲಿತೋ ಬಲಕ್ಕೂ ಅಷ್ಟೇ ವಾಲಬೇಕು. ಒಂದು ಕಡೆಯವ ಒಂದು ಉಸಿರು ಮೊದಲೇ ಕೈಬಿಟ್ಟರೂ ಇಡೀ ಭಾರ ಇನ್ನೊಂದು ಕಡೆ ಎಳೆಯುತ್ತದೆ.

ತುದಿಗೆ ಪುಟ್ಟವನೇ ಯಾಕೆ ಎಂಬುದಕ್ಕೆ ಭಾರ ಎಂಬ ಉತ್ತರ ಸುಲಭವಾಗಿ ಬರುತ್ತದೆ. ಲೆಕ್ಕ ಹಾಕಿದರೆ ಅದು ಅರ್ಧ ಉತ್ತರ ಮಾತ್ರ. ನೆಲದ ಮೇಲೆ ನಾಲ್ವರು, ಅವರ ಮೇಲೆ ಮೂವರು, ಮತ್ತಿಬ್ಬರು, ಕೊನೆಗೆ ಒಬ್ಬ, ಹೀಗೆ ಹತ್ತು ಜನರ ಗೋಪುರ ಇದೆಯೆಂದು ಇಟ್ಟುಕೊಳ್ಳಬಹುದು. ಪ್ರತಿಯೊಬ್ಬನ ಭಾರ ಕೆಳಗಿನ ಇಬ್ಬರಿಗೆ ಅರ್ಧರ್ಧ ಹಂಚಿಹೋಗುತ್ತದೆ. ಎಲ್ಲರೂ 40 ಕಿಲೋದವರಾದರೆ ಬುಡದ ಸಾಲಿನ ನಡುವಿನ ಇಬ್ಬರ ಮೇಲೆ ತಲಾ 85 ಕಿಲೋ, ಎಂದರೆ ತಮ್ಮ ತೂಕದ ಎರಡು ಪಟ್ಟಿಗಿಂತ ಹೆಚ್ಚು. ಅಂಚಿನ ಇಬ್ಬರಿಗೆ ಬರೀ 35. ನಡುವಿನ ಎರಡು ಜಾಗಕ್ಕೆ ಗಟ್ಟಿಗರನ್ನೇ ಹುಡುಕಿ ನಿಲ್ಲಿಸುವುದು ಇದಕ್ಕೇ. ಈಗ ತುದಿಯ ಹುಡುಗ 28 ಕಿಲೋದಿಂದ 45ಕ್ಕೆ ಬೆಳೆದನೆನ್ನಿ. ಆ 17 ಕಿಲೋದಲ್ಲಿ ಬುಡದ ನಡುವಿನವರಿಗೆ ಬರುವ ಪಾಲು ತಲಾ ಆರೂ ಚಿಲ್ಲರೆ ಕಿಲೋ. ಅವರಿಗೆ ಅದು ದೊಡ್ಡ ಹೊರೆ ಆಗುವುದಿಲ್ಲ. ಹುಡುಗನ ಪಾದ ನೇರವಾಗಿ ಹೊತ್ತ ಇಬ್ಬರಿಗೆ ಮಾತ್ರ 14ರ ಜಾಗದಲ್ಲಿ 22 ಕಿಲೋ ದಾಟುತ್ತದೆ, ಅದೂ ಅವರು ತಾವೇ ಅಲುಗಾಡುವ ಬೆನ್ನುಗಳ ಮೇಲೆ ನಿಂತಾಗ.

ನಿಜವಾದ ತೊಂದರೆ ಅಲುಗಾಟದ್ದು. ಗೋಪುರ ಬೀಳುವುದು ಭಾರಕ್ಕಿಂತ ಹೆಚ್ಚಾಗಿ ತುದಿಯ ಹೊಯ್ದಾಟಕ್ಕೆ. ಮೇಲಿನವನು ಎತ್ತರವಾದಷ್ಟೂ ಅವನ ದೇಹದ ಭಾರಕೇಂದ್ರ ಪಾದದಿಂದ ದೂರ ಸರಿಯುತ್ತದೆ. ಅವನು ಎರಡು ಬೆರಳು ವಾಲಿದರೆ ಕೆಳಗಿನ ಹೆಗಲಿಗೆ ಬೀಳುವ ಎಳೆತ ಮೊದಲಿನಷ್ಟೇ ಇರುವುದಿಲ್ಲ. ಪುಟ್ಟ ಮಗುವಿನ ತಪ್ಪನ್ನು ಕೆಳಗಿನವರು ಸದ್ದಿಲ್ಲದೆ ಸರಿಪಡಿಸಿಬಿಡುತ್ತಾರೆ. ಬೆಳೆದ ಹುಡುಗನ ತಪ್ಪನ್ನು ಸರಿಪಡಿಸುವ ಮೊದಲೇ ಸಾಲು ಕುಸಿದಿರುತ್ತದೆ. ಕಂಬದ ತುದಿಯ ಎತ್ತರದಿಂದ ಬಿದ್ದ ದೇಹ ಮುಕ್ಕಾಲು ಸೆಕೆಂಡಿನೊಳಗೆ ನೆಲ ಮುಟ್ಟುತ್ತದೆ, ಮುಟ್ಟುವಾಗ ಅದರ ವೇಗ ಗಂಟೆಗೆ ಸುಮಾರು 25 ಕಿಲೋಮೀಟರ್. ಅಷ್ಟರಲ್ಲಿ ಯಾರಾದರೂ ಕೈ ಕೊಟ್ಟು ಹಿಡಿಯಬೇಕೆಂದರೆ ಮೇಲಿನವನ ತೂಕ ಹಿಡಿಯುವವನ ಅಳತೆಯಲ್ಲಿ ಇರಬೇಕು.

ಬೆಳವಣಿಗೆ ಈ ಲೆಕ್ಕವನ್ನು ಎಷ್ಟು ಬೇಗ ಕೆಡಿಸುತ್ತದೆ ಎಂಬುದು ಹೊರಗಿನವರಿಗೆ ಅಷ್ಟಾಗಿ ತಿಳಿಯುವುದಿಲ್ಲ. ಹುಡುಗಿಯರ ಎತ್ತರ ಅತಿ ವೇಗವಾಗಿ ಏರುವುದು ಸರಾಸರಿ 12ನೆಯ ವಯಸ್ಸಿನ ಆಸುಪಾಸಿನಲ್ಲಿ, ಹುಡುಗರದ್ದು 14ರ ಆಸುಪಾಸಿನಲ್ಲಿ. ಆ ಒಂದು ವರ್ಷದಲ್ಲೇ ಎಂಟು ಒಂಬತ್ತು ಸೆಂಟಿಮೀಟರ್ ಏರುವುದು ಸಾಮಾನ್ಯ. ತೂಕ ಬೆನ್ನ ಹಿಂದೆಯೇ ಬರುತ್ತದೆ. ಎತ್ತರದ ಜೊತೆಗೆ ಅಗಲವೂ ದಪ್ಪವೂ ಬೆಳೆಯುವುದರಿಂದ ತೂಕ ಎತ್ತರದ ಘನದ ಲೆಕ್ಕದಲ್ಲಿ ಏರಿದರೆ, ಸ್ನಾಯುವಿನ ಕಸುವು ಅದರ ಅಡ್ಡಕೊಯ್ತದ ವಿಸ್ತೀರ್ಣದ ಮೇಲೆ, ಎಂದರೆ ವರ್ಗದ ಲೆಕ್ಕದಲ್ಲಿ ಏರುತ್ತದೆ. ಎತ್ತರ ಹತ್ತನೆಯ ಒಂದು ಪಾಲು ಹೆಚ್ಚಿದರೆ ತೂಕ ಮೂರನೆಯ ಒಂದು ಪಾಲು ಹೆಚ್ಚುತ್ತದೆ, ಕಸುವು ಐದನೆಯ ಒಂದು ಪಾಲು ಮಾತ್ರ. ನಿನ್ನೆ ತನ್ನ ಮೈಯನ್ನು ತಾನೇ ಕಂಬದ ಮೇಲಕ್ಕೆ ಹಾರಿಸಿಕೊಳ್ಳುತ್ತಿದ್ದ ಹುಡುಗ ಇಂದು ನಡುವೆಯೇ ನಿಂತುಬಿಡುವುದು ಸೋಮಾರಿತನದಿಂದಲ್ಲ. ಗಾಳಿಯಲ್ಲಿ ಉರುಳುವ ಪಟ್ಟುಗಳಿಗಂತೂ ಪೆಟ್ಟು ಇನ್ನೂ ದೊಡ್ಡದು: ಅದೇ ಹತ್ತನೆಯ ಒಂದು ಪಾಲು ಬೆಳೆದ ಮೈಯನ್ನು ಅದೇ ವೇಗದಲ್ಲಿ ತಿರುಗಿಸಲು ಒಂದೂವರೆ ಪಟ್ಟಿಗಿಂತ ಹೆಚ್ಚಿನ ಎಳೆತ ಬೇಕು.

ಇದರ ಮೇಲೆ ಬೆಳವಣಿಗೆ ಮೈಯ ಎಲ್ಲ ಕಡೆ ಒಟ್ಟಿಗೆ ಆಗುವುದಿಲ್ಲ. ಮೊದಲು ಪಾದ, ಅಂಗೈ, ಆಮೇಲೆ ಕಾಲು, ನಡ ಬೆನ್ನು ಕೊನೆಗೆ. ಉದ್ದವಾದ ಕಾಲು ಇನ್ನೂ ಹಳೆಯ ಅಳತೆಯ ಅಂದಾಜಿನಲ್ಲೇ ಹೆಜ್ಜೆ ಇಡುತ್ತದೆ. ಕೆಲವು ತಿಂಗಳ ಮಟ್ಟಿಗೆ ಮಕ್ಕಳು ಎಡವುತ್ತಾರೆ, ಲೋಟ ಬೀಳಿಸುತ್ತಾರೆ, ಮನೆಯಲ್ಲಿ ಬೈಸಿಕೊಳ್ಳುತ್ತಾರೆ. ಮೂಳೆ ಮುಂದೆ ಓಡಿ ಸ್ನಾಯು ಹಿಂದೆ ಉಳಿಯುವುದರಿಂದ ತೊಡೆಯ ಹಿಂಭಾಗ ಬಿಗಿಯುತ್ತದೆ. ಮೊದಲು ಸಲೀಸಾಗಿ ಚಾಚುತ್ತಿದ್ದ ಕಾಲು ಚಾಚುವುದಿಲ್ಲ. ಮೊಣಕಾಲ ಚಿಪ್ಪಿನ ಕೆಳಗೆ, ಹಿಮ್ಮಡಿಯ ಹಿಂದೆ, ಮಣಿಕಟ್ಟಿನಲ್ಲಿ ನೋವು ಕಾಣಿಸಿಕೊಳ್ಳುವುದೂ ಈ ಕಾಲದಲ್ಲೇ. ಎಲುಬಿನ ತುದಿಯ ಬೆಳೆಯುವ ಪದರ ಅಲ್ಲೆಲ್ಲ ಇನ್ನೂ ಮೆತ್ತಗೆ ಇರುತ್ತದೆ. ಪದೇ ಪದೇ ಹಾರಿ ಇಳಿದರೆ, ಅಂಗೈ ಊರಿ ಮೈಭಾರ ಹೊತ್ತರೆ ಅದಕ್ಕೆ ಪೆಟ್ಟು. ಇಂಥ ನೋವಿಗೆ ಮುಲಾಮು ತಿಕ್ಕಿ ಮತ್ತೆ ಕಂಬ ಹತ್ತಿಸುವುದು ಹಳೆಯ ರೂಢಿ, ಒಳ್ಳೆಯ ರೂಢಿಯಲ್ಲ.

ಆದ್ದರಿಂದ ಜಾಗ ಬದಲಿಸುವ ದಿನ ಪ್ರತಿ ತುದಿಯ ಮಗುವಿಗೂ ಬರುತ್ತದೆ. ಅದು ಬರುವ ರೀತಿ ಎಲ್ಲ ಊರಲ್ಲೂ ಹೆಚ್ಚುಕಡಿಮೆ ಒಂದೇ. ಜಾತ್ರೆಗೆ ಇನ್ನು ಹದಿನೈದು ದಿನ ಇದೆ, ತಾಲೀಮಿನಲ್ಲಿ ಗೋಪುರ ಎರಡು ಸಲ ಕುಸಿದಿದೆ, ನಡುವಿನ ಸಾಲಿನವರು ಹೆಗಲು ಒರೆಸಿಕೊಳ್ಳುತ್ತಿದ್ದಾರೆ. ಕಲಿಸುವವರು ಕಣ್ಣಲ್ಲೇ ತೂಗಿ ಹೇಳುತ್ತಾರೆ: “ಏ ತಮ್ಮಾ, ಇನ್ನ ನೀ ಕೆಳಗ ನಿಂದ್ರು. ಮ್ಯಾಲ ಆ ಸಣ್ಣಾವ ಹತ್ತಲಿ.” ಹುಡುಗನ ಉತ್ತರವೂ ಗೊತ್ತಿದ್ದದ್ದೇ: “ಇದೊಂದ ಜಾತ್ರಿ ಹತ್ತತೇನ್ರಿ ಸರ, ಮುಂದಿನ ವರ್ಷ ಬಿಡ್ತೇನ್ರಿ.” ಅಲ್ಲಿಗೆ ಮಾತು ಮುಗಿಯುತ್ತದೆ. ಮರುದಿನ ಅವನು ಬುಡದ ಸಾಲಿನ ಅಂಚಿನಲ್ಲಿ ಮಂಡಿ ಊರಿರುತ್ತಾನೆ. ಕೆಲವರು ತಾಲೀಮಿಗೇ ಬರುವುದಿಲ್ಲ.

ಬಿಟ್ಟುಹೋಗುವವರ ಕಾರಣ ಹುಡುಕಿದರೆ ಅದು ಬರಿ ಚಪ್ಪಾಳೆಯ ಆಸೆ ಅಲ್ಲ. ಒಂಬತ್ತರ ವಯಸ್ಸಿನಿಂದ ಆ ಮಗು ಕಲಿತದ್ದೆಲ್ಲ ತುದಿಯ ಕೆಲಸ: ಮೈ ಬಿಗಿಹಿಡಿಯುವುದು, ಕೆಳಗೆ ನೋಡದಿರುವುದು, ಕೆಳಗಿನವರ ಮೇಲೆ ಪೂರ್ತಿ ಭರವಸೆ ಇಡುವುದು. ಬುಡದ ಕೆಲಸಕ್ಕೆ ಅದರಲ್ಲಿ ಅರ್ಧಕ್ಕರ್ಧ ಉಪಯೋಗಕ್ಕೆ ಬರುವುದಿಲ್ಲ. ತಂಡದಲ್ಲೇ ಅತಿ ಬಲ್ಲವನು ಎನಿಸಿಕೊಂಡವನು ಒಂದೇ ದಿನದಲ್ಲಿ ಹೊಸಬನಾಗುತ್ತಾನೆ. ಅದೇ ವಯಸ್ಸಿನ ಸಂಕೋಚ, ಒಡೆಯುವ ಧ್ವನಿ, ಹುಡುಗಿಯರಿಗೆ ಮೈನೆರೆಯುವ ಕಾಲ ಎಲ್ಲ ಸೇರಿ ಆ ಹೊಸತನ ಅವಮಾನದಂತೆ ಕಾಣುತ್ತದೆ. ಹಳ್ಳಿಯ ಹುಡುಗಿಯರ ವಿಷಯದಲ್ಲಿ ಮತ್ತೊಂದು ಅಡ್ಡಿ ಇದೆ. ದೊಡ್ಡವಳಾದ ಮೇಲೆ ಮೈದಾನಕ್ಕೆ ಕಳಿಸಲು ಮನೆಯವರು ಹಿಂದೆಮುಂದೆ ನೋಡುತ್ತಾರೆ. ತುದಿಯ ಜಾಗ ಹೋದದ್ದೂ ಆಟ ನಿಂತದ್ದೂ ಒಂದೇ ವರ್ಷದಲ್ಲಿ ಆಗಿಬಿಡುತ್ತದೆ.

ಜಾಗ ಉಳಿಸಿಕೊಳ್ಳಲು ಊಟ ಬಿಡುವುದು ಇನ್ನೊಂದು ದಾರಿ, ಅಪಾಯದ ದಾರಿ. ಚಿಯರ್‌ಲೀಡಿಂಗ್, ಜಿಮ್ನಾಸ್ಟಿಕ್ಸ್, ನೃತ್ಯ, ಹಗುರ ಮೈ ಬೇಡುವ ಯಾವ ವಿದ್ಯೆಯಲ್ಲೂ ಇದು ಕಾಣಿಸುತ್ತದೆ. ಬೆಳೆಯುವ ವಯಸ್ಸಿನಲ್ಲಿ ಊಟ ಕಡಿಮೆಯಾದರೆ ಮುಟ್ಟು ತಡವಾಗುತ್ತದೆ ಅಥವಾ ನಿಲ್ಲುತ್ತದೆ, ಮೂಳೆ ಗಟ್ಟಿಯಾಗುವ ವರ್ಷಗಳೇ ಕೈತಪ್ಪುತ್ತವೆ, ಸಣ್ಣ ಪೆಟ್ಟಿಗೂ ಎಲುಬು ಬಿರಿಯುತ್ತದೆ. ಸಾಲದ್ದಕ್ಕೆ ಹಸಿದ ಮೈಗೆ ಹಿಡಿತ ಸಾಲದು, ಕಂಬದ ಮೇಲೆ ಹಿಡಿತ ತಪ್ಪಿದರೆ ಏನಾಗುತ್ತದೆ ಎಂದು ಹೇಳಬೇಕಾಗಿಲ್ಲ. ಜೋಳದ ರೊಟ್ಟಿ, ಕಾಳುಪಲ್ಯ, ಶೇಂಗಾ ಹಿಂಡಿ, ಮೊಸರು ಇರುವ ಬಯಲುಸೀಮೆಯ ಊಟ ಈ ವಯಸ್ಸಿನ ಆಟಗಾರರಿಗೆ ಬೇಕಾದ್ದನ್ನು ಬಹುಮಟ್ಟಿಗೆ ಕೊಡುತ್ತದೆ. ಕೊರತೆ ಇರುವುದು ಅದು ಹೊಟ್ಟೆ ತುಂಬ ಸಿಗುವುದರಲ್ಲಿ. “ತೂಕ ಇಳಿಸು” ಎಂಬ ಮಾತನ್ನು ಮಕ್ಕಳಿಗೆ ಹೇಳಲೇಬಾರದು. ತೂಕ ಏರಿತೆಂದರೆ ಜಾಗ ಬದಲಿಸಬೇಕು, ಮಗುವನ್ನಲ್ಲ.

ಇಳಿದು ಬಂದವರಲ್ಲಿ ಹಲವರಿಗೆ ಸಿಗುವುದು ನಡುವಿನ ಸಾಲು. ಗೋಪುರದಲ್ಲಿ ಅತಿ ಕಷ್ಟದ ಜಾಗ ಇದೇ ಇರಬೇಕು. ಕೆಳಗೆ ಅಲುಗಾಡುವ ನೆಲ, ಮೇಲೆ ಅಲುಗಾಡುವ ಹೊರೆ, ಎರಡನ್ನೂ ಒಟ್ಟಿಗೆ ಸಂಭಾಳಿಸಬೇಕು, ಎರಡೂ ಕಣ್ಣಿಗೆ ಕಾಣುವುದಿಲ್ಲ. ಇಲ್ಲಿ ಮಾಜಿ ತುದಿಯವನಿಗೆ ಒಂದು ಅನುಕೂಲ ಉಂಟು. ಎತ್ತರದ ಭಯ ಅವನಿಗೆ ಹಿಂದೆಯೇ ಕಳೆದಿದೆ, ಬೇರೆಯವರ ಹೆಗಲ ಮೇಲೆ ಪಾದ ಎಲ್ಲಿ ಇಡಬೇಕು ಎಂಬುದು ಗೊತ್ತಿದೆ. ಕತ್ತಿನ ಬುಡದ ಹತ್ತಿರ, ಹೆಗಲ ಮೂಳೆಯ ತುದಿಯಿಂದ ಒಳಗೆ, ಪಾದದ ಕಮಾನು ಹೆಗಲಿಗೆ ಕೂರುವಂತೆ. ತುದಿಯಲ್ಲಿದ್ದಾಗ ಅವನು ಅದನ್ನು ಪಾದದಿಂದ ಕಲಿತಿದ್ದ. ಈಗ ಹೆಗಲಿನಿಂದ ಕಲಿಯುತ್ತಾನೆ.

ಬುಡದ ಕೆಲಸ ಬೇರೆಯೇ ವಿದ್ಯೆ. ಹೊಸದಾಗಿ ಬುಡಕ್ಕೆ ಬಂದವರು ತೋಳಿನಿಂದ ಎತ್ತಲು ಹೋಗುತ್ತಾರೆ. ಎತ್ತಬೇಕಾದದ್ದು ತೊಡೆ, ಸೊಂಟ. ಚಿಯರ್‌ಲೀಡಿಂಗ್ ತಂಡಗಳಲ್ಲಿ ಬೇಸ್ (ಕೆಳಗಿನಿಂದ ಎತ್ತುವವರು) ಆಗುವವರಿಗೆ ಕಲಿಸುವ ಮೊದಲ ಪಾಠವೂ ಇದೇ: ಪಾದ ಹೆಗಲಗಲ, ಬೆನ್ನು ನೆಟ್ಟಗೆ, ಮಂಡಿ ಮಡಚಿ ತುಸು ಕೂತು, ಎಲ್ಲರೂ ಒಂದೇ ಎಣಿಕೆಗೆ ಏಳುವುದು. ತೋಳು ಕೊನೆಗೆ ನೇರವಾಗಿ ಬೀಗ ಹಾಕಿದಂತೆ ನಿಲ್ಲುತ್ತದೆ ಅಷ್ಟೆ, ಭಾರ ಎಲುಬಿನ ಮೇಲೆ ಕೂರುತ್ತದೆ. ಎಣಿಕೆ ತಪ್ಪಿದರೆ ಎಂಥ ಬಲಶಾಲಿಯಿಂದಲೂ ಉಪಯೋಗವಿಲ್ಲ. ಮೇಲಿನವಳ ಒಂದು ಪಾದ ಮೊದಲು ಏರಿ ಇನ್ನೊಂದು ಹಿಂದೆ ಉಳಿದರೆ ಅವಳು ಓಲುತ್ತಾಳೆ. ಎರಡನೆಯ ಪಾಠ ಕಣ್ಣಿನದು. ಬೇಸ್ ಆದವರು ನೆಲ ನೋಡಬಾರದು, ಜನರನ್ನು ನೋಡಬಾರದು, ಮೇಲಿನವಳನ್ನೇ ನೋಡಬೇಕು. ಇಷ್ಟು ವರ್ಷ ಮೇಲಿದ್ದು ಎದುರಿಗಿನ ಜನರತ್ತ ಮುಖ ಮಾಡಿ ನಗುತ್ತಿದ್ದವರಿಗೆ ಈ ಕಣ್ಣಿನ ರೂಢಿ ಬದಲಿಸುವುದು ತೂಕ ಎತ್ತುವುದಕ್ಕಿಂತ ಕಷ್ಟವಾಗುತ್ತದೆ.

ಕಸುವನ್ನು ಬೆಳೆಸಲು ಈ ಸೀಮೆಯಲ್ಲಿ ಸಾಧನಕ್ಕೆ ಕೊರತೆಯಿಲ್ಲ. ಗರಡಿಮನೆಯ ಬಸ್ಕಿ, ದಂಡ, ಗದೆ ತಿರುಗಿಸುವುದು ಇವೆಲ್ಲ ಇದಕ್ಕೇ ಹೇಳಿಮಾಡಿಸಿದಂಥವು. ಬಾಗಲಕೋಟೆ, ವಿಜಯಪುರ ಕಡೆಯ ಜಾತ್ರೆಗಳಲ್ಲಿ ಸಂಗ್ರಾಣಿ ಕಲ್ಲು ಎತ್ತುವವರು, ಜೋಳದ ಚೀಲ ಎತ್ತುವವರು ಇಂದಿಗೂ ಇದ್ದಾರೆ. ಅವರ ಕಾಲಿನ ನಿಲುವನ್ನು ನೋಡಿದ ಹುಡುಗನಿಗೆ ಬುಡದಲ್ಲಿ ನಿಲ್ಲುವುದು ಹೇಗೆಂದು ಬೇರೆ ಹೇಳಬೇಕಾಗಿಲ್ಲ. ಆದರೆ ಬೆಳವಣಿಗೆಯ ಓಟದ ಆ ವರ್ಷದಲ್ಲೇ ಭಾರಿ ಕಲ್ಲಿಗೆ ಕೈ ಹಾಕಿಸುವುದು ಸರಿಯಲ್ಲ. ಎತ್ತರದ ಓಟ ನಿಧಾನವಾದ ಮೇಲೆ, ಆರು ತಿಂಗಳು ವರ್ಷದೊಳಗೆ, ಕಸುವು ತಾನಾಗಿಯೇ ಏರತೊಡಗುತ್ತದೆ. ಅಲ್ಲಿಯವರೆಗೆ ಮೈಭಾರದ ಕಸರತ್ತು, ಬಿಗಿದ ಸ್ನಾಯು ಸಡಿಲಿಸುವ ಆಸನ, ಒಂಟಿ ಕಾಲಿನ ನಿಲುವು ಸಾಕು.

ಮೂರನೆಯ ಜಾಗ ನಿಗಾ ಇಡುವವನದು. ಗೋಪುರದ ಸುತ್ತ ಎರಡು ಕೈ ಮೇಲೆತ್ತಿ ನಿಂತು ಬೀಳುವವನನ್ನು ಹಿಡಿಯುವವನು. ಚಿಯರ್‌ಲೀಡಿಂಗ್‌ನಲ್ಲಿ ಇದು ಹೆಸರುಳ್ಳ ಹುದ್ದೆ. ಫ್ಲೈಯರ್ ಆಗಿದ್ದು ಎತ್ತರ ಬೆಳೆದ ಹುಡುಗಿಯರು ಹಿಂದಿನ ಆಸರೆಯ ಜಾಗಕ್ಕೆ ಹೋಗುವುದು ಬಹಳ ಕಂಡುಬರುತ್ತದೆ, ಉದ್ದ ತೋಳು ಅಲ್ಲಿ ವರ. ನಮ್ಮ ಶಾಲೆಗಳಲ್ಲಿ ಮಾತ್ರ ಈ ಕೆಲಸಕ್ಕೆ ಬೆಲೆಯೇ ಇಲ್ಲ. ಎಷ್ಟೋ ಕಡೆ ಗೋಪುರದಲ್ಲಿ ಜಾಗ ಸಿಗದವರನ್ನು ಸುಮ್ಮನೆ ಸುತ್ತ ನಿಲ್ಲಿಸಿರುತ್ತಾರೆ. ಹಿಡಿಯುವುದೆಂದರೆ ಬೀಳುವ ಮೈಯ ತಲೆ, ಕತ್ತು, ಸೊಂಟಕ್ಕೆ ಮೊದಲು ಕೈ ಕೊಡುವುದು, ಬೀಳುವವನಿಂದ ದೂರ ಸರಿಯುವ ಬದಲು ಅವನ ಕಡೆಗೇ ಹೆಜ್ಜೆ ಹಾಕುವುದು. ತಾನೇ ಹಲವು ಸಲ ಬಿದ್ದವನಿಗೆ ಗೋಪುರ ಬೀಳುವ ಮುನ್ನದ ಸುಳಿವು ಬೇಗ ಸಿಗುತ್ತದೆ. ಮಂಡಿ ನಡುಗಿತು, ಬೆರಳು ಬಿಳಿಚಿತು, ಮೇಲಿನವನ ಉಸಿರು ನಿಂತಿತು. ತುದಿಯಿಂದ ಇಳಿದವರಿಗಿಂತ ಈ ಜಾಗಕ್ಕೆ ಯೋಗ್ಯರು ಸಿಗಲಾರರು.

ಮಲ್ಲಕಂಬದವರಿಗೆ ಇನ್ನೂ ಒಂದು ದಾರಿ ತೆರೆದಿದೆ, ಚಿಯರ್‌ಲೀಡರ್‌ಗಳಿಗೆ ಇಲ್ಲದ್ದು. ಪಿರಮಿಡ್ಡಿನಲ್ಲಿ ತುದಿ ಹೋದರೂ ಒಬ್ಬರೇ ಆಡುವ ಕಂಬ ಉಳಿಯುತ್ತದೆ. ಸ್ಪರ್ಧೆಗಳಲ್ಲಿ ವಯೋಮಾನದ ವಿಭಾಗಗಳಿವೆ. ಉದ್ದ ಕಾಲು ಕೆಲವು ಪಟ್ಟಿಗೆ ತೊಡಕಾದರೂ ನಿಲುವಿನ ಅಂದಕ್ಕೆ ಒಳ್ಳೆಯದು, ತೀರ್ಪುಗಾರರ ಕಣ್ಣು ಮೈಯ ನೇರ ಗೆರೆಯನ್ನು ಹುಡುಕುತ್ತದೆ. ಹಿಡಿತ ಬಲಿತವರು ತೂಗುವ ಕಂಬಕ್ಕೆ ಹೋಗಬಹುದು. ಅಲ್ಲಿ ಕಂಬವೇ ತಿರುಗುವುದರಿಂದ ಕಸುವಿಗಿಂತ ಹದ ಮುಖ್ಯ. ಹುಡುಗಿಯರಿಗೆ ಹಗ್ಗ ಇದ್ದೇ ಇದೆ. ಕಾಲ ಹೆಬ್ಬೆರಳಿನ ಸಂದಿಯಲ್ಲಿ ಹಗ್ಗ ಸಿಕ್ಕಿಸಿ ಏರುವ ಆ ವಿದ್ಯೆಗೆ ಮೈಯ ಅಳತೆ ಅಷ್ಟಾಗಿ ಅಡ್ಡ ಬರುವುದಿಲ್ಲ.

ಸ್ಪೇನ್ ದೇಶದ ಕ್ಯಾಟಲೋನಿಯಾದಲ್ಲಿ ಈ ಇಳಿತವನ್ನೇ ಒಂದು ಕ್ರಮವಾಗಿ ಕಟ್ಟಿಕೊಂಡಿದ್ದಾರೆ. ಅಲ್ಲಿನ ಊರುಗಳ ಚೌಕಗಳಲ್ಲಿ ಎಂಟು, ಒಂಬತ್ತು, ಅಪರೂಪಕ್ಕೆ ಹತ್ತು ಅಂತಸ್ತಿನ ಮಾನವ ಗೋಪುರ ಏಳುತ್ತದೆ. ಅದನ್ನು ಯುನೆಸ್ಕೋ 2010ರಲ್ಲಿ ಪರಂಪರೆಯ ಪಟ್ಟಿಗೆ ಸೇರಿಸಿತು. ತುದಿಗೆ ಏರುವ ಮಗುವಿನ ಹೆಸರು ಎನ್ಷನೇತಾ. ಅದು ಮೇಲೆ ಒಂದು ಕೈ ಎತ್ತಿತೆಂದರೆ ಗೋಪುರ ಪೂರ್ತಿಯಾದಂತೆ. ದೊಡ್ಡದಾದ ಮಗು ಒಂದು ಅಂತಸ್ತು ಕೆಳಗೆ ಬಗ್ಗಿ ಕೂರುವ ಜಾಗಕ್ಕೆ, ಅಲ್ಲಿಂದ ಅದರ ಕೆಳಗಿನ ಜೋಡಿಗೆ, ಹದಿಹರೆಯ ದಾಟಿದ ಮೇಲೆ ಕಾಂಡಕ್ಕೆ, ಕೊನೆಗೆ ನೆಲದ ಮೇಲೆ ನೂರಾರು ಜನ ಒತ್ತಿ ನಿಲ್ಲುವ ಬುಡಕ್ಕೆ ಇಳಿಯುತ್ತದೆ. ಬುಡದಲ್ಲಿ ಅಜ್ಜಂದಿರೂ ಇರುತ್ತಾರೆ, ಮೊಮ್ಮಗಳು ತುದಿಯಲ್ಲಿ ಇರುವುದುಂಟು. ಯಾರನ್ನೂ ತಂಡದಿಂದ ಹೊರಗೆ ಹಾಕುವ ಪ್ರಶ್ನೆಯೇ ಅಲ್ಲಿ ಬರುವುದಿಲ್ಲ. 2006ರಲ್ಲಿ ಒಂದು ಮಗು ಬಿದ್ದು ತೀರಿಕೊಂಡ ತರುವಾಯ ಮೇಲಿನ ಅಂತಸ್ತಿನ ಮಕ್ಕಳಿಗೆ ಶಿರಸ್ತ್ರಾಣ ರೂಢಿಗೆ ಬಂತು.

ನಮ್ಮ ನೆರೆಯ ಮಹಾರಾಷ್ಟ್ರದಲ್ಲಿ ತುದಿಯ ಮಕ್ಕಳ ಸುರಕ್ಷತೆಯ ಪ್ರಶ್ನೆ ನ್ಯಾಯಾಲಯಕ್ಕೆ ಹೋಯಿತು. ಗೋಕುಲಾಷ್ಟಮಿಯ ದಹಿಹಂಡಿಗೆ ಕಟ್ಟುವ ಗೋಪುರಗಳ ತುದಿಯಲ್ಲಿ ಪುಟ್ಟ ಮಕ್ಕಳನ್ನು ಏರಿಸುತ್ತಿದ್ದರು. ಬಹುಮಾನದ ಹಣ ಏರಿದಂತೆ ಅಂತಸ್ತೂ ಏರಿತು. ಬಾಂಬೆ ಹೈಕೋರ್ಟ್ 2014ರಲ್ಲಿ 18 ವರ್ಷದೊಳಗಿನವರು ಏರಬಾರದು, ಎತ್ತರ 20 ಅಡಿ ಮೀರಬಾರದು ಎಂದಿತು. ವಿಷಯ ಸುಪ್ರೀಂ ಕೋರ್ಟಿಗೂ ಹೋಗಿ ಬಂದು, 2017ರಲ್ಲಿ ಎತ್ತರದ ಮಿತಿ ಹೋಯಿತು, 14 ವರ್ಷದೊಳಗಿನ ಮಕ್ಕಳನ್ನು ಸೇರಿಸುವುದಿಲ್ಲ ಎಂಬ ಕಟ್ಟಳೆ ಉಳಿಯಿತು. ಸರ್ಕಸ್ಸಿನಲ್ಲಿ ಮಕ್ಕಳನ್ನು ದುಡಿಸಬಾರದೆಂದು ಸುಪ್ರೀಂ ಕೋರ್ಟ್ ನಿರ್ದೇಶನ ಕೊಟ್ಟದ್ದು 2011ರಲ್ಲಿ. ಶಾಲೆಯ ಗೋಪುರಗಳಿಗೆ ಇವು ನೇರವಾಗಿ ಹೇಳಿದ ಮಾತುಗಳಲ್ಲ. ಆದರೂ ಮಣ್ಣಿನ ಗಟ್ಟಿ ನೆಲದ ಮೇಲೆ ಹಾಸಿಗೆಯಿಲ್ಲದೆ ಐದನೆಯ ಇಯತ್ತೆಯ ಮಗುವನ್ನು ನಾಲ್ಕನೆಯ ಸಾಲಿಗೆ ಏರಿಸುವ ಶಾಲೆ ಈ ತೀರ್ಪುಗಳನ್ನು ಒಮ್ಮೆ ಓದಿನೋಡುವುದು ಒಳಿತು.

ಡೊಂಬರ ಆಟವನ್ನು ಇಲ್ಲಿ ಬಿಡುವಂತಿಲ್ಲ. ಎರಡು ಕಡೆ ಬಿದಿರು ಕತ್ತರಿ ಹಾಕಿ ಕಟ್ಟಿದ ಹಗ್ಗದ ಮೇಲೆ ಆರೇಳು ವರ್ಷದ ಹುಡುಗಿ ಕೋಲು ಹಿಡಿದು ನಡೆಯುವುದನ್ನು ಸಂತೆಯ ದಿನ ಕಾಣದ ಊರು ಈ ಕಡೆ ಇರಲಿಲ್ಲ. ಅಲ್ಲಿಯೂ ದೊಡ್ಡವರಾದ ಮಕ್ಕಳು ಕೆಳಗೆ ಇಳಿದು ಡೋಲು ಬಡಿಯುತ್ತಿದ್ದರು, ಬಿದಿರಿನ ಕಟ್ಟು ಬಿಗಿಯುತ್ತಿದ್ದರು, ತಟ್ಟೆ ಹಿಡಿದು ಸುತ್ತುತ್ತಿದ್ದರು. ಒಂದು ಕೆಲಸದಿಂದ ಇನ್ನೊಂದು ಕೆಲಸಕ್ಕೆ ದಾಟುವ ಜಾಣ್ಮೆ ಆ ಕುಟುಂಬಗಳಿಗೆ ಯಾವ ತರಬೇತಿ ಕೇಂದ್ರವೂ ಕಲಿಸದೆ ಬಂದಿತ್ತು. ಅದಕ್ಕೆ ತೆತ್ತ ಬೆಲೆ ಶಾಲೆ. ಆಟವೆಂದು ಆಡುವ ಮಕ್ಕಳಿಗೂ ಹೊಟ್ಟೆಪಾಡಿಗೆ ಆಡುವ ಮಕ್ಕಳಿಗೂ ಇರುವ ಅಂತರವನ್ನು ಮರೆತು ಈ ವಿದ್ಯೆಯನ್ನು ಹೊಗಳುವುದು ತಪ್ಪಾಗುತ್ತದೆ.

ಕಲಿಸುವವರು ಮನಸ್ಸು ಮಾಡಿದರೆ ಇಳಿತ ಒಂದೇ ದಿನದ ಪೆಟ್ಟಾಗದಂತೆ ನೋಡಿಕೊಳ್ಳಬಹುದು, ಅದಕ್ಕೆ ಹಣವೇನೂ ಬೇಡ. ಗೋಡೆಗೆ ಗೆರೆ ಎಳೆದು ಮೂರು ತಿಂಗಳಿಗೊಮ್ಮೆ ಎಲ್ಲರ ಎತ್ತರ ಬರೆದಿಟ್ಟರೆ ಯಾರ ಓಟ ಶುರುವಾಗಿದೆ ಎಂಬುದು ಗೋಪುರ ಕುಸಿಯುವ ಮೊದಲೇ ಗೊತ್ತಾಗುತ್ತದೆ. ತೂಕವನ್ನು ಎಲ್ಲರೆದುರು ಓದಬಾರದು. ತುದಿಗೆ ಒಬ್ಬನೇ ಅಲ್ಲದೆ ಇಬ್ಬರು ಮೂವರನ್ನು ಸರದಿಯಲ್ಲಿ ಏರಿಸಬೇಕು. ತುದಿಯ ಮಗುವಿಗೆ ಮೊದಲ ವರ್ಷದಿಂದಲೇ ವಾರಕ್ಕೊಂದು ದಿನ ಬುಡದ ಕೆಲಸ, ತನಗಿಂತ ಚಿಕ್ಕವರನ್ನು ಎತ್ತುವ ಕೆಲಸ ಕೊಡಬೇಕು. ಓಟದ ವರ್ಷದಲ್ಲಿ ಹೊಸ ಪಟ್ಟು ಕಲಿಸುವುದಕ್ಕಿಂತ ಕಲಿತದ್ದನ್ನು ಕೆಳಮಟ್ಟದಲ್ಲಿ ತಿದ್ದುವುದು ಲೇಸು. ಪ್ರದರ್ಶನದ ಕೊನೆಗೆ ಹೆಸರು ಕೂಗುವಾಗ ಬುಡದವರ ಹೆಸರನ್ನು ಮೊದಲು ಕೂಗಿದರೆ ಅರ್ಧ ಕೆಲಸ ಆದಂತೆ.

ತುದಿಯಿಂದ ಇಳಿದವರಲ್ಲಿ ಕೆಲವರು ಕಲಿಸುವವರೇ ಆಗುತ್ತಾರೆ. ದೈಹಿಕ ಶಿಕ್ಷಣದ ಪದವಿ ಓದಿ ಶಾಲೆ ಸೇರುವವರಿದ್ದಾರೆ, ಊರಲ್ಲೇ ಉಳಿದು ಬೆಳಗಿನ ಹೊತ್ತು ಹುಡುಗರಿಗೆ ಹೇಳಿಕೊಡುವವರಿದ್ದಾರೆ. ಹೊಸ ಮಗುವನ್ನು ಮೊದಲ ಸಲ ಗುಂಡಿನ ಮೇಲೆ ನಿಲ್ಲಿಸುವಾಗ ಇವರು ಮಾಡುವ ಕೆಲಸ ಬೇರೆಯವರಿಗಿಂತ ಭಿನ್ನವಾಗಿರುತ್ತದೆ. ಕೆಳಗಿನಿಂದ ಕೂಗಿ ಹೇಳುವುದಿಲ್ಲ. ಪಕ್ಕದಲ್ಲಿ ಏಣಿ ಇಟ್ಟು ಅದೇ ಎತ್ತರಕ್ಕೆ ಏರಿ, ಮಗುವಿನ ಹಿಮ್ಮಡಿ ಹಿಡಿದು, ಎದುರಿಗಿನ ಬೇವಿನ ಮರದ ಒಂದು ಟೊಂಗೆ ತೋರಿಸಿ, “ಅದನ್ನ ನೋಡ, ಬ್ಯಾರೆ ಏನೂ ನೋಡಬ್ಯಾಡ” ಎನ್ನುತ್ತಾರೆ. ಮಗು ಇಳಿದ ಮೇಲೆ ಅದನ್ನೇ ಕಂಬದ ಬುಡಕ್ಕೆ ಕರೆದುಕೊಂಡು ಹೋಗಿ, ತೊಡೆ ಎಲ್ಲಿ ಕಚ್ಚಬೇಕು ಎಂದು ತೋರಿಸುತ್ತಾರೆ.